ಸೀಬೆ ಕವಲು, ಲ್ಯಾಟೆಕ್ಸ್ ಪಟ್ಟಿ, ಕೆರೆಮಣ್ಣಿನ ಗುಂಡು

ಕ್ಯಾಟರ್‌ಬಿಲ್ಲು ಮಾಡಲು ಹೊರಟವರ ಕಣ್ಣು ಮೊದಲು ಹೋಗುವುದು ಕವಲಿನ ಮೇಲೆ. ಹಿತ್ತಲ ಸೀಬೆಮರದಲ್ಲಿ ಸಮನಾಗಿ ಎರಡಾಗಿ ಒಡೆದ ಕೊಂಬೆ ಸಿಕ್ಕಿಬಿಟ್ಟರೆ ಅರ್ಧ ಕೆಲಸ ಮುಗಿಯಿತೆಂದು ಹಿಗ್ಗುತ್ತೇವೆ. ನಿಜಕ್ಕೂ ಕವಲಿನ ಪಾಲು ಸಣ್ಣದು. ಎಳೆದಾಗ ಬಾಗದೆ, ಮುರಿಯದೆ, ಕೈಯಲ್ಲಿ ತಿರುಗದೆ ನಿಂತರೆ ಅದರ ಕೆಲಸ ಆಯಿತು. ಗುಂಡಿಗೆ ವೇಗ ಕೊಡುವುದು ರಬ್ಬರ್. ಆ ಗುಂಡು ಪ್ರತಿಸಲವೂ ಒಂದೇ ಜಾಗಕ್ಕೆ ಹೋಗುವಂತೆ ಮಾಡುವುದು ಎಳೆಯುವ ಕೈ. ಕೊಳ್ಳುವಾಗಲೂ ಕಟ್ಟುವಾಗಲೂ ನಮ್ಮ ಗಮನ ಇದೇ ಲೆಕ್ಕದಲ್ಲಿ ಹಂಚಿಹೋಗಬೇಕು: ಕವಲಿಗೆ ಸ್ವಲ್ಪ, ರಬ್ಬರಿಗೆ ಹೆಚ್ಚು, ಕೈಗೆ ಎಲ್ಲಕ್ಕಿಂತ ಹೆಚ್ಚು.

ನಮ್ಮ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹಳ್ಳಿಗಳಿಗೆ ಇದು ಹೊಸದೇನಲ್ಲ. ಹುಣಸೆಕಾಯಿ, ಮಾವಿನಕಾಯಿ ಉದುರಿಸಲು, ಹೊಲಕ್ಕೆ ಎರಗುವ ಗಿಳಿ ಹಿಂಡನ್ನು ಎಬ್ಬಿಸಲು ಹುಡುಗರ ಕೊರಳಲ್ಲಿ ಕ್ಯಾಟರ್‌ಬಿಲ್ಲು ನೇತಾಡುತ್ತಿತ್ತು. ಸೈಕಲ್ ಟ್ಯೂಬಿನಿಂದ ಕುಯ್ದ ಎರಡು ಪಟ್ಟಿ, ಹಳೆ ಶೂವಿನ ನಾಲಗೆಯಿಂದ ಕತ್ತರಿಸಿದ ತೊಗಲು, ಚಡ್ಡಿ ಜೇಬಿನ ತುಂಬ ಕಲ್ಲು, ಸಾಮಾನೆಲ್ಲ ಅಷ್ಟೇ. ಇದೇ ಸಾಮಾನನ್ನು ಇನ್ನಷ್ಟು ಅಚ್ಚುಕಟ್ಟಾಗಿ ಕಟ್ಟಿಕೊಂಡು, ಹತ್ತು ಮೀಟರ್ ದೂರದ ಡಬ್ಬಕ್ಕೆ ಗುರಿಯಿಡುವುದನ್ನು ಹವ್ಯಾಸ ಮಾಡಿಕೊಂಡವರು ಈಗ ಬೇಕಾದಷ್ಟು ಮಂದಿ. ಸ್ಪೇನ್, ಇಟಲಿ, ಚೀನಾಗಳಲ್ಲಿ ಇದರ ಪಂದ್ಯಗಳೂ ನಡೆಯುತ್ತವೆ. ಹೆಚ್ಚು ಜಾಗ ಬೇಡ, ಹೆಚ್ಚು ದುಡ್ಡು ಬೇಡ. ದಿನಕ್ಕೆ ಅರ್ಧ ಗಂಟೆ ಕಣ್ಣು, ಉಸಿರು, ಬೆರಳು ಮೂರನ್ನೂ ಒಂದೆಡೆ ಕೂಡಿಸುವ ಈ ಆಟ ಚಿಕ್ಕಂದಿನಲ್ಲಿ ಕಲಿತು ಬಿಟ್ಟವರಿಗೂ ಮತ್ತೆ ಹಿಡಿಯುವಂಥದ್ದು.

ರಬ್ಬರಿನಿಂದಲೇ ಶುರು ಮಾಡೋಣ. ಕವಣೆ ಸಾವಿರಾರು ವರ್ಷ ಹಳೆಯದು. ಕ್ಯಾಟರ್‌ಬಿಲ್ಲಿಗೆ ಇನ್ನೂರು ವರ್ಷವೂ ತುಂಬಿಲ್ಲ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಹದ ಮಾಡುವ ದಾರಿ ಕಂಡುಕೊಳ್ಳುವವರೆಗೆ, ಬಿಸಿಲಿಗೆ ಅಂಟಾಗದೆ ಚಳಿಗೆ ಸೆಟೆಯದೆ ಎಳೆದಷ್ಟೂ ಹಿಂದಿರುಗುವ ರಬ್ಬರೇ ಇರಲಿಲ್ಲ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಸೈಕಲ್ ಟೈರಿಗೆ ಪೇಟೆಂಟ್ ಪಡೆದರು. ಆಮೇಲೆ ಹರಿದ ಟ್ಯೂಬು ಊರೂರಿನ ಹುಡುಗರ ಕೈಗೆ ಬಂತು.

ಆ ಟ್ಯೂಬಿನಲ್ಲೇ ಒಂದು ತೊಡಕಿದೆ. ಇಂದಿನ ಬಹಳಷ್ಟು ಟ್ಯೂಬುಗಳು ಬ್ಯುಟೈಲ್ ಎಂಬ ಕೃತಕ ರಬ್ಬರಿನವು. ಗಾಳಿ ಸೋರದಂತೆ ತಡೆಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ನಾವು ಎಳೆದು ತುಂಬಿಟ್ಟ ಶಕ್ತಿಯಲ್ಲಿ ದೊಡ್ಡ ಪಾಲನ್ನು ಅದು ಶಾಖ ಮಾಡಿ ಕಳೆದುಬಿಡುತ್ತದೆ, ಸೋಮಾರಿಯಂತೆ ಹಿಂದಿರುಗುತ್ತದೆ. ತೋಳು ನೋಯುವಷ್ಟು ಎಳೆದರೂ ಗುಂಡು ಮಂದವಾಗಿ ಹೋಗುವುದು ಇದರಿಂದ. ನಮ್ಮ ಸುಳ್ಯ, ಪುತ್ತೂರು ಕಡೆಯ ತೋಟಗಳಲ್ಲಿ ಮರ ಕೆತ್ತಿ ಇಳಿಸುತ್ತಾರಲ್ಲ, ಆ ಹಾಲಿನಿಂದ ಮಾಡಿದ ನೈಸರ್ಗಿಕ ಲ್ಯಾಟೆಕ್ಸ್ ಹಾಗಲ್ಲ. ತನ್ನ ಉದ್ದದ ಐದಾರು ಪಟ್ಟು ಹಿಗ್ಗುತ್ತದೆ, ಬಿಟ್ಟ ಕೂಡಲೇ ಚಟ್ಟನೆ ಕುಗ್ಗುತ್ತದೆ.

ರಬ್ಬರಿನ ಒಳಗೆ ಏನಾಗುತ್ತದೆಂದು ತುಟಿಯಿಂದಲೇ ತಿಳಿಯಬಹುದು. ಅಗಲವಾದ ರಬ್ಬರ್ ಬ್ಯಾಂಡ್ ಒಂದನ್ನು ಮೇಲ್ದುಟಿಗೆ ತಾಗಿಸಿ ಹಿಡಿದು ಸರಕ್ಕನೆ ಎಳೆಯಿರಿ, ಬೆಚ್ಚಗಾಗುತ್ತದೆ. ಎಳೆದ ಹಾಗೆಯೇ ಒಂದರ್ಧ ನಿಮಿಷ ಹಿಡಿದು, ಮೆಲ್ಲಗೆ ಕುಗ್ಗಲು ಬಿಟ್ಟು ಮತ್ತೆ ತುಟಿಗೆ ತಾಗಿಸಿ, ತಣ್ಣಗಿರುತ್ತದೆ. ಎಳೆದಾಗ ಹುಟ್ಟಿದ ಶಾಖ ಗಾಳಿಗೆ ಹೋಗಿಬಿಟ್ಟರೆ ಅಷ್ಟು ಶಕ್ತಿ ಗುಂಡಿಗೆ ಸಿಗುವುದಿಲ್ಲ. ಗುರಿ ಹಿಡಿಯುತ್ತ ಹತ್ತು ಹದಿನೈದು ಸೆಕೆಂಡು ಎಳೆದೇ ನಿಂತವರ ಗುಂಡು ಕೆಳಗೆ ಬೀಳುವುದು ಕೈ ನಡುಗುವುದರಿಂದ ಮಾತ್ರವಲ್ಲ, ಇದರಿಂದಲೂ ಹೌದು. ಪೂರ್ತಿ ಎಳೆದ ಮೇಲೆ ಎರಡು ಮೂರು ಸೆಕೆಂಡಿನಲ್ಲಿ ಬಿಡುವುದು ಒಳ್ಳೆಯದು. ಡಿಸೆಂಬರ್, ಜನವರಿಯ ಮುಂಜಾನೆ ದೊಡ್ಡಬಳ್ಳಾಪುರದ ಕಡೆ ಚಳಿ ಕೊರೆಯುವಾಗ ಅದೇ ಪಟ್ಟಿ, ಅದೇ ಗುಂಡು ಇಟ್ಟುಕೊಂಡು ಹೊಡೆದರೂ ಏಟು ಕೆಳಗೆ ಬೀಳುತ್ತದೆ. ತಣ್ಣಗಿನ ಲ್ಯಾಟೆಕ್ಸ್ ನಿಧಾನ. ಬಿಲ್ಲನ್ನು ಸ್ವಲ್ಪ ಹೊತ್ತು ಅಂಗಿಯ ಒಳಗಿಟ್ಟುಕೊಂಡು ಆಮೇಲೆ ಹೊಡೆದರೆ ಸರಿಹೋಗುತ್ತದೆ.

ಲ್ಯಾಟೆಕ್ಸ್ ಎಲ್ಲಿ ಸಿಗುತ್ತದೆ? ಕ್ಯಾಟರ್‌ಬಿಲ್ಲಿಗೆಂದೇ ಮಾಡಿದ ಹಾಳೆಗಳು ಆನ್‌ಲೈನಿನಲ್ಲಿವೆ. ಅರ್ಧ ಮಿಲಿಮೀಟರಿನಿಂದ ಮುಕ್ಕಾಲು ಮಿಲಿಮೀಟರ್ ದಪ್ಪದ್ದು ಹೊಸಬರಿಗೆ ಸಾಕು. ಫಿಸಿಯೋಥೆರಪಿಗೆ ಬಳಸುವ ಥೆರಾಬ್ಯಾಂಡಿನಂಥ ಅಗಲ ಪಟ್ಟಿಯೂ ಆಗುತ್ತದೆ. ಪ್ಯಾಕೆಟ್ ಮೇಲೆ ನ್ಯಾಚುರಲ್ ಲ್ಯಾಟೆಕ್ಸ್ ಎಂದಿರಬೇಕು. ಟಿಪಿಇ ಎಂದೋ ಲ್ಯಾಟೆಕ್ಸ್ ಫ್ರೀ ಎಂದೋ ಇದ್ದರೆ ಬಿಟ್ಟುಬಿಡಿ. ನೋಡಲು ಒಂದೇ ಥರ ಇದ್ದರೂ ಅದರಲ್ಲಿ ಆ ಚುರುಕಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ದುಂಡು ಲ್ಯಾಟೆಕ್ಸ್ ಟ್ಯೂಬು ಪಟ್ಟಿಗಿಂತ ತುಸು ನಿಧಾನ, ಆದರೆ ಬಾಳಿಕೆ ಹೆಚ್ಚು. ಲ್ಯಾಟೆಕ್ಸ್ ಕೈಗವಸು ಹಾಕಿದರೆ ತುರಿಕೆ, ದದ್ದು ಏಳುವವರು ಈ ಹವ್ಯಾಸಕ್ಕೆ ಇಳಿಯುವ ಮುಂಚೆ ವೈದ್ಯರನ್ನು ಕೇಳಿಕೊಳ್ಳಬೇಕು.

ಇನ್ನು ಕವಲು. ಹಳಬರು ಸೀಬೆ, ಹುಣಸೆಯನ್ನೇ ಆರಿಸುತ್ತಿದ್ದುದು ಸರಿಯಾಗಿಯೇ ಇದೆ. ಎರಡರ ನಾರೂ ಬಿಗಿ, ಬೇಗ ಸೀಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಎಲ್ಲಿ ನೋಡಿದರೂ ಸಿಗುವ ನೀಲಗಿರಿ ಬೇಡ. ಒಣಗುತ್ತ ಒಣಗುತ್ತ ಉದ್ದಕ್ಕೆ ಬಿರುಕು ಬಿಡುತ್ತದೆ. ಕವಲಿನ ಎರಡು ಕೊಂಬೂ ಹೆಬ್ಬೆರಳಿಗಿಂತ ತೆಳ್ಳಗಿರಬಾರದು, ಹೊರಗಿನ ಅಗಲ ಸುಮಾರು 9 ಸೆಂ.ಮೀ, ಒಳಗಿನ ತೆರವು 5ರಿಂದ 6 ಸೆಂ.ಮೀ, ಹಿಡಿಕೆ ಅಂಗೈ ತುಂಬುವಷ್ಟು. ಹಸಿ ಕವಲನ್ನು ಬೇಕಾದ ಅಳತೆಗಿಂತ ಮೂರು ನಾಲ್ಕು ಬೆರಳು ಉದ್ದ ಬಿಟ್ಟು ಕತ್ತರಿಸಿ, ಕತ್ತರಿಸಿದ ತುದಿಗಳಿಗೆ ಮೇಣವೋ ಪೇಂಟೋ ಬಳಿದು, ನೆರಳಲ್ಲಿ ಗಾಳಿಯಾಡುವ ಕಡೆ ಒಣಗಲು ಬಿಡಬೇಕು. ತುದಿ ತೆರೆದಿಟ್ಟರೆ ನೀರು ಅಲ್ಲಿಂದಲೇ ಬೇಗ ಆರಿ ಮರ ಸೀಳುತ್ತದೆ. ಎರಡು ಮೂರು ತಿಂಗಳು ಕಾಯುವ ತಾಳ್ಮೆ ಇದ್ದವರಿಗೆ ಸೀಬೆ ಕವಲಿನಷ್ಟು ಚೆಂದದ್ದು ಬೇರೆ ಇಲ್ಲ. ಕಾಯಲಾಗದವರು 18 ಮಿ.ಮೀ ದಪ್ಪದ ಒಳ್ಳೆಯ ಮೆರೈನ್ ಪ್ಲೈವುಡ್‌ನಲ್ಲಿ ಆಕಾರ ಬರೆದು ಕಾರ್ಪೆಂಟರ್ ಹತ್ತಿರ ಕೊಯ್ಯಿಸಿಕೊಳ್ಳಬಹುದು. ಪ್ಲೈವುಡ್‌ನಲ್ಲಿ ನಾರು ಅಡ್ಡಡ್ಡ ಕೂತಿರುವುದರಿಂದ ಒಂದೇ ದಿಕ್ಕಿಗೆ ಸೀಳುವ ಭಯ ಕಡಿಮೆ.

ಸಿದ್ಧ ಕವಲು ಕೊಳ್ಳುವುದಾದರೆ ಗಟ್ಟಿ ಪ್ಲಾಸ್ಟಿಕ್ಕಿನದೋ ಸ್ಟೀಲಿನದೋ ಕೊಳ್ಳಿ. ಜಾತ್ರೆಯ ಆಟಿಕೆ ಅಂಗಡಿಯಲ್ಲಿ ನೇತುಹಾಕಿರುವ ಅಗ್ಗದ ಎರಕದ ಲೋಹದ ಕವಲನ್ನು ಮಕ್ಕಳಿಗೆ ಕೊಡಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಎರಕದೊಳಗೆ ಗುಳ್ಳೆ ಇದ್ದರೆ ಅದು ಯಾವ ಸುಳಿವೂ ಕೊಡದೆ ಮುರಿಯುತ್ತದೆ, ಮುರಿದ ತುಂಡನ್ನು ಎಳೆದ ರಬ್ಬರ್ ನೇರವಾಗಿ ಮುಖಕ್ಕೇ ತರುತ್ತದೆ. ಮುಂಗೈಗೆ ಆತುಕೊಳ್ಳುವ ಕಂಬಿಯಿರುವ ಬಿಲ್ಲೂ ಸಿಗುತ್ತದೆ. ಬಿಗಿ ರಬ್ಬರ್ ಎಳೆಯುವವರಿಗೆ ಅದು ಮಣಿಕಟ್ಟಿನ ಭಾರ ಇಳಿಸುತ್ತದೆ; ಹಗುರ ಪಟ್ಟಿಗೆ ಅದು ಅನಗತ್ಯ. ಕಂಬಿಗಿಂತ ಮುಖ್ಯವಾದ ಸಂಗತಿ, ಕವಲಿನ ತುದಿ ಹಿಡಿದ ಕೈಯಿಂದ ಎಷ್ಟು ಎತ್ತರದಲ್ಲಿದೆ ಎನ್ನುವುದು. ಎತ್ತರ ಹೆಚ್ಚಿದಷ್ಟೂ ಸನ್ನೆಕೋಲಿನ ಲೆಕ್ಕದಲ್ಲಿ ಮಣಿಕಟ್ಟು ಹಿಂದಕ್ಕೆ ತಿರುಚಿಕೊಳ್ಳುತ್ತದೆ. ಹೆಬ್ಬೆರಳನ್ನೂ ತೋರುಬೆರಳನ್ನೂ ಮೇಲಕ್ಕೆ ಚಾಚಿ ಎರಡು ಕೊಂಬುಗಳಿಗೆ ಒತ್ತುಕೊಟ್ಟು ಹಿಡಿದರೆ ಆ ತಿರುಚು ಬಹಳ ಮಟ್ಟಿಗೆ ನಿಲ್ಲುತ್ತದೆ.

ಪಟ್ಟಿ ಕತ್ತರಿಸುವ ಲೆಕ್ಕ ಹೀಗೆ. ಕವಲು ಹಿಡಿದ ಕೈಯನ್ನು ನೇರ ಚಾಚಿ, ಇನ್ನೊಂದು ಕೈಯನ್ನು ಕೆನ್ನೆಯ ತನಕ ತಂದು ನಿಲ್ಲಿ. ಕವಲಿನ ತುದಿಯಿಂದ ಕೆನ್ನೆಯ ಬೆರಳಿನವರೆಗೆ ಯಾರಿಂದಲಾದರೂ ಟೇಪು ಹಿಡಿಸಿ. ದೊಡ್ಡವರಿಗೆ ಸಾಮಾನ್ಯವಾಗಿ 70ರಿಂದ 80 ಸೆಂ.ಮೀ ಬರುತ್ತದೆ. 75 ಎಂದಿಟ್ಟುಕೊಳ್ಳಿ. ಅದನ್ನು ಐದರಿಂದ ಭಾಗಿಸಿದರೆ 15 ಸೆಂ.ಮೀ, ಹಿಗ್ಗಬೇಕಾದ ಪಟ್ಟಿಯ ಉದ್ದ ಅಷ್ಟು. ಹೊಸಬರು ನಾಲ್ಕೂವರೆಯಿಂದ ಭಾಗಿಸಿ 17 ಸೆಂ.ಮೀ ಇಟ್ಟುಕೊಂಡರೆ ಎಳೆತ ಹಗುರಾಗುತ್ತದೆ, ಪಟ್ಟಿಯೂ ಹೆಚ್ಚು ದಿನ ಬರುತ್ತದೆ. ಎರಡೂ ತುದಿಗೆ ಕಟ್ಟಲು ಎರಡೆರಡು ಸೆಂ.ಮೀ ಸೇರಿಸಿದರೆ ಕತ್ತರಿಸಬೇಕಾದ ಉದ್ದ 21 ಸೆಂ.ಮೀ. ಅಗಲ ಕವಲಿನ ಕಡೆ 18ರಿಂದ 20 ಮಿ.ಮೀ, ತೊಗಲಿನ ಕಡೆ 12 ಮಿ.ಮೀ. ಹೀಗೆ ಗುಂಡಿನ ಕಡೆ ಕಿರಿದಾಗುತ್ತ ಹೋಗಲು ಕಾರಣವಿದೆ. ರಬ್ಬರ್ ಗುಂಡನ್ನು ಮಾತ್ರ ಓಡಿಸುವುದಿಲ್ಲ, ತನ್ನನ್ನೂ ತಾನು ಹೊತ್ತು ಓಡಬೇಕು. ಗುಂಡಿನ ಹತ್ತಿರದ ಭಾಗ ಅತಿ ಹೆಚ್ಚು ವೇಗದಲ್ಲಿ ಓಡುವುದರಿಂದ ಅಲ್ಲಿ ತೂಕ ಇಳಿಸಿದಷ್ಟೂ ಗುಂಡಿಗೆ ಲಾಭ.

ಕತ್ತರಿ ಬೇಡ. ಕತ್ತರಿಯ ಪ್ರತಿ ಕಚ್ಚೂ ಅಂಚಿನಲ್ಲೊಂದು ಸಣ್ಣ ಹಲ್ಲು ಬಿಡುತ್ತದೆ, ಮುಂದೆ ಪಟ್ಟಿ ಹರಿಯುವುದು ಅಲ್ಲಿಂದಲೇ. ಗಾಜಿನ ಮೇಲೆ ಹಾಳೆ ಹಾಸಿ, ಸ್ಟೀಲ್ ಸ್ಕೇಲ್ ಒತ್ತಿಹಿಡಿದು, ಹೊಸ ಬ್ಲೇಡಿನಿಂದ ಒಂದೇ ಎಳೆತಕ್ಕೆ ಕುಯ್ಯಬೇಕು. ಟೈಲರುಗಳು ಬಳಸುವ ಚಕ್ರದ ಕಟರ್ ಸಿಕ್ಕರೆ ಇನ್ನೂ ಉತ್ತಮ. ಎರಡು ಪಟ್ಟಿಯನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲಿ ಕೂದಲಷ್ಟು ಗೀರು ಕಂಡರೂ ಆ ಪಟ್ಟಿ ಬಿಡಿ.

ಕಟ್ಟಲು ದಾರ ಯಾವುದು ಎನ್ನುವುದೂ ಮುಖ್ಯ. ಮಗ್ಗದ ಸದ್ದಿರುವ ದೊಡ್ಡಬಳ್ಳಾಪುರದಲ್ಲಿ ದಾರಕ್ಕೆ ಬರವಿಲ್ಲ, ಆದರೆ ಸಣ್ಣ ಗಟ್ಟಿ ಪಾಲಿಯೆಸ್ಟರ್ ಎಳೆ ರಬ್ಬರನ್ನು ಬ್ಲೇಡಿನ ಹಾಗೆ ಕುಯ್ಯುತ್ತದೆ. ಮೆತ್ತನೆಯ ಹತ್ತಿ ದಾರವನ್ನು ಏಳೆಂಟು ಸುತ್ತು ಹಾಕಬಹುದು. ಅದಕ್ಕಿಂತ ಒಳ್ಳೆಯದು ಅದೇ ಲ್ಯಾಟೆಕ್ಸ್ ಹಾಳೆಯಿಂದ ಕುಯ್ದ 4 ಮಿ.ಮೀ ಅಗಲದ ಉದ್ದನೆ ಎಳೆ: ಬಿಗಿಯಾಗಿ ಎಳೆದು ಎಳೆದು ಐದಾರು ಸುತ್ತು ಸುತ್ತಿ, ಕೊನೆಯ ಸುತ್ತಿನ ಕೆಳಗೆ ತುದಿಯನ್ನು ತೂರಿಸಿ ಜಗ್ಗಿದರೆ ಗಂಟೇ ಬೇಕಿಲ್ಲ. ಗುಂಡು ಕೂರುವ ತೊಗಲು 6 ಸೆಂ.ಮೀ ಉದ್ದ, ಒಂದೂವರೆ ಸೆಂ.ಮೀ ಅಗಲ ಇದ್ದರೆ ಸಾಕು. ತೆಳ್ಳಗೂ ಮೆತ್ತಗೂ ಇರಬೇಕು, ಎಳೆದರೆ ಹಿಗ್ಗಬಾರದು. ನಟ್ಟನಡುವೆ ಒಂದು ಪುಟ್ಟ ತೂತು ಮಾಡಿಸಿಕೊಳ್ಳಿ. ಗುಂಡು ಪ್ರತಿಸಲ ಅದೇ ಜಾಗದಲ್ಲಿ ಕೂರುತ್ತದೆ, ಬೆರಳಿಗೂ ಗೊತ್ತಾಗುತ್ತದೆ. ಚಪ್ಪಲಿ ರಿಪೇರಿ ಮಾಡುವವರ ಹತ್ತಿರ ಇಂಥ ತೊಗಲಿನ ಚೂರು ಇರುತ್ತದೆ, ತೂತು ಹೊಡೆಯುವ ಉಳಿಯೂ ಇರುತ್ತದೆ. ಕಟ್ಟಿ ಮುಗಿದ ಮೇಲೆ ತೊಗಲನ್ನು ಹಿಡಿದು ತೂಗಿಬಿಟ್ಟು ನೋಡಿ: ಎರಡು ಪಟ್ಟಿಯೂ ಒಂದೇ ಉದ್ದಕ್ಕೆ ಇಳಿಬಿದ್ದಿರಬೇಕು. ಎರಡು ಮಿಲಿಮೀಟರ್ ವ್ಯತ್ಯಾಸ ಇದ್ದರೂ ಬಿಚ್ಚಿ ಮತ್ತೆ ಕಟ್ಟುವುದೇ ಸರಿ.

ಈಗ ಗುಂಡು. ಕಲ್ಲು ಬೇಡ. ಒಂದೊಂದು ಕಲ್ಲು ಒಂದೊಂದು ತೂಕ, ಒಂದೊಂದು ಆಕಾರ. ಕೈ ಎಷ್ಟು ಪಳಗಿದರೂ ಗುರಿ ಪಳಗುವುದಿಲ್ಲ. ಗಾಜಿನ ಗೋಲಿಯೂ ಬೇಡ, ಗಟ್ಟಿ ಜಾಗಕ್ಕೆ ತಾಗಿದರೆ ಚೂರಾಗಿ ಸಿಡಿಯುತ್ತದೆ. ಹವ್ಯಾಸಿಗಳು ಹೆಚ್ಚಾಗಿ ಬಳಸುವುದು 8 ಮಿ.ಮೀ ಸ್ಟೀಲ್ ಗುಂಡು, ತೂಕ 2 ಗ್ರಾಂ ಚಿಲ್ಲರೆ. 9.5 ಮಿ.ಮೀ ಗುಂಡು ಮೂರೂವರೆ ಗ್ರಾಂ ತೂಗುತ್ತದೆ, ಅದಕ್ಕೆ ಅಗಲ ಪಟ್ಟಿ ಬೇಕು. ಸೈಕಲ್ ಹಿಂದಿನ ಚಕ್ರದ ಕಾಲಿಂಚಿನ ಬೇರಿಂಗ್ ಗುಂಡು ಒಂದೇ ಗ್ರಾಂ. ಕಿರಿದಾದ ಪಟ್ಟಿಗೆ ಅದು ಒಗ್ಗುತ್ತದೆ.

ಸ್ಟೀಲ್ ಗುಂಡಿನ ಗುರಿ ಚೆನ್ನ, ಆದರೂ ನಮ್ಮ ಜಿಲ್ಲೆಯ ನೆಲಕ್ಕೆ ಅದು ಹೊಂದುವುದಿಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇಲ್ಲಿ ಎತ್ತ ನೋಡಿದರೂ ಬಂಡೆ, ಕಲ್ಲುಕಂಬದ ಬೇಲಿ, ಹೊಸ ಲೇಔಟಿನ ಕಾಂಪೌಂಡು. ಸ್ಟೀಲ್ ಗುಂಡು ಬಂಡೆಗೆ ತಾಗಿದರೆ ಅಲ್ಲಿಗೇ ನಿಲ್ಲುವುದಿಲ್ಲ, ಎತ್ತ ಬೇಕಾದರೂ ಪುಟಿಯುತ್ತದೆ, ಹೊಡೆದವನ ಕಡೆಗೇ ತಿರುಗಿ ಬಂದರೂ ಬಂತು. ಮಣ್ಣಿನ ಗುಂಡು ಗಟ್ಟಿ ಜಾಗಕ್ಕೆ ತಾಗಿದ ಕಡೆಯೇ ಪುಡಿ. ಹೆಕ್ಕುವ ಕೆಲಸವಿಲ್ಲ, ಮಳೆ ಬಂದರೆ ಮಣ್ಣಿಗೆ ಮಣ್ಣು. ಮಾಡುವ ಕೆಲಸವೂ ಮಕ್ಕಳಿಗೆ ಹಬ್ಬ.

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಹೊಲಗಳಿಗೆ ಗೋಡುಮಣ್ಣು ಹೊಡೆಯುತ್ತಾರಲ್ಲ, ಅದೇ ಕಪ್ಪು ಜಿಗುಟು ಮಣ್ಣು ಒಂದು ಬಕೆಟ್ ಸಾಕು. ಒಂದು ರಾತ್ರಿ ನೀರಲ್ಲಿ ನೆನೆಹಾಕಿ, ಕೈಯಲ್ಲಿ ಕಲಸಿ, ಸಣ್ಣ ಜರಡಿಯಲ್ಲಿ ಸೋಸಿದರೆ ಕಸ, ಬೇರು, ಬೆಣಚುಕಲ್ಲಿನ ಹರಳು ಎಲ್ಲ ಹೋಗುತ್ತದೆ. ಹರಳು ಉಳಿದರೆ ಅದು ಕಲ್ಲಿನ ಗುಂಡೇ ಆದಂತೆ, ಆದ್ದರಿಂದ ಈ ಹಂತದಲ್ಲಿ ಆತುರ ಬೇಡ. ಮೇಲೆ ನಿಂತ ತಿಳಿನೀರು ಬಸಿದು, ಮಣ್ಣು ಕೈಗೆ ಅಂಟದ ಹದಕ್ಕೆ ಬರುವ ತನಕ ಬಟ್ಟೆಯ ಮೇಲೆ ಆರಿಸಿ. ಬರಿ ಗೋಡುಮಣ್ಣು ಒಣಗುವಾಗ ಬಿರಿಯುತ್ತದೆ. ಐದು ಪಾಲಿಗೆ ಒಂದು ಪಾಲು ಒಲೆಯ ಬೂದಿಯನ್ನೋ ನಯವಾದ ಮರಳನ್ನೋ ಸೇರಿಸಿ ನಾದಬೇಕು. ಆಮೇಲೆ 1 ಸೆಂ.ಮೀ ದಪ್ಪಕ್ಕೆ ಉದ್ದನೆ ಹೊಸೆದು, 1.2 ಸೆಂ.ಮೀಗೊಂದರಂತೆ ಸ್ಕೇಲ್ ಇಟ್ಟು ತುಂಡು ಮಾಡಿ, ಒಂದೊಂದನ್ನೂ ಅಂಗೈಗಳ ನಡುವೆ ಉರುಟಿದರೆ 12 ಮಿ.ಮೀ ಗುಂಡು ಬರುತ್ತದೆ. ಬಿಸಿಲಿಗೆ ಇಡಬೇಡಿ. ಎರಡು ದಿನ ನೆರಳಲ್ಲಿ ಆಗಾಗ ಹೊರಳಿಸುತ್ತ ಒಣಗಿಸಿ, ಆಮೇಲೆ ಒಂದು ದಿನ ಎಳೆಬಿಸಿಲು ತೋರಿಸಿ. ಒಣಗಿ ತುಸು ಕುಗ್ಗಿ ಒಂದೂವರೆ ಗ್ರಾಂ ಹತ್ತಿರ ನಿಲ್ಲುತ್ತದೆ. ಸುಡುವುದು ಬೇಡ, ಸುಟ್ಟರೆ ಗಡುಸಾಗಿ, ಪುಡಿಯಾಗುವ ಬದಲು ಮೊನಚು ಚೂರಾಗುತ್ತದೆ. ಪ್ಲಾಸ್ಟಿಕ್ ಹಾಳೆಯಲ್ಲಿ 11 ಮತ್ತು 12 ಮಿ.ಮೀ ತೂತು ಎರಡು ಕೊರೆದು, ದೊಡ್ಡದರಲ್ಲಿ ಇಳಿದು ಸಣ್ಣದರಲ್ಲಿ ಇಳಿಯದ ಗುಂಡನ್ನು ಮಾತ್ರ ಗುರಿಗೆ ಇಟ್ಟುಕೊಂಡರೆ ಅಂಗಡಿ ಗುಂಡಿಗೆ ಹತ್ತಿರದ ಸಮತೆ ಸಿಗುತ್ತದೆ.

ಎಲ್ಲಿ ಹೊಡೆಯಬೇಕು? ಗುಂಡಿನ ವೇಗ ಸೆಕೆಂಡಿಗೆ 60 ಮೀಟರ್ ಇರಬಹುದು. ಮೇಲ್ಮುಖವಾಗಿ ಬಿಟ್ಟ ಸ್ಟೀಲ್ ಗುಂಡು ನೂರು ಮೀಟರನ್ನು ಸಲೀಸಾಗಿ ದಾಟುತ್ತದೆ. ಗುಂಡುತೋಪು, ಗೋಮಾಳ ಖಾಲಿ ಕಂಡಿತೆಂದು ಅಲ್ಲಿ ನಿಂತು ಹೊಡೆಯಲಾಗದು. ಮರದಾಚೆ ಯಾರೋ ಕುರಿ ಮೇಯಿಸುತ್ತಿರುತ್ತಾರೆ. ಗುರಿಯ ಹಿಂದೆ ಏನಿದೆ ಎಂದು ಕಣ್ಣಾರೆ ಕಾಣದಿದ್ದರೆ ಬಿಡಲೇಬಾರದು. ನೀರಿನ ಮೇಲೂ ಹೊಡೆಯಬಾರದು, ಓರೆಯಾಗಿ ತಾಗಿದ ಗುಂಡು ನೀರಿನಿಂದಲೂ ಪುಟಿಯುತ್ತದೆ. ಎಲ್ಲಕ್ಕಿಂತ ಒಳ್ಳೆಯ ಜಾಗ ಮನೆಯ ಹಿತ್ತಲು, ಟೆರೇಸಿನ ಮೂಲೆ, ಅಲ್ಲೊಂದು ಗುಂಡು ಹಿಡಿಯುವ ಪೆಟ್ಟಿಗೆ. ಟಿವಿಯದೋ ವಾಷಿಂಗ್ ಮೆಷಿನ್ನಿನದೋ ರಟ್ಟಿನ ಡಬ್ಬದ ಒಂದು ಮಗ್ಗುಲು ತೆಗೆದು, ಒಳಗೆ ಹಳೆ ಟವೆಲ್ಲನ್ನೋ ಎರಡು ಪದರ ಗೋಣಿಚೀಲವನ್ನೋ ಮೇಲಿನ ಅಂಚಿಗೆ ಮಾತ್ರ ಕಟ್ಟಿ, ಕೆಳಗೆ ಸಡಿಲ ಬಿಡಬೇಕು. ಬಿಗಿದು ಕಟ್ಟಿದರೆ ಗುಂಡು ತೂರಿಹೋಗುತ್ತದೆ ಅಥವಾ ಹಿಂದಕ್ಕೆ ಪುಟಿಯುತ್ತದೆ. ಸಡಿಲ ಬಟ್ಟೆ ಗುಂಡಿನ ಜೊತೆ ಹಿಂದೆ ಸರಿಯುತ್ತ ಅದರ ವೇಗವನ್ನೆಲ್ಲ ಹೀರಿಕೊಳ್ಳುತ್ತದೆ, ಗುಂಡು ಅಲ್ಲೇ ಕೆಳಗೆ ಉದುರುತ್ತದೆ. ಬಟ್ಟೆಯ ಮುಂದೆ ದಾರದಲ್ಲಿ ತೂಗಿಬಿಟ್ಟ ತಂಪು ಪಾನೀಯದ ಖಾಲಿ ಕ್ಯಾನು ಗುರಿಗೆ ಸಾಕು. ಗಾಜಿನ ಬಾಟಲಿ ಎಂದಿಗೂ ಬೇಡ.

ಕಣ್ಣಿಗೆ ಪಾಲಿಕಾರ್ಬೊನೇಟ್ ಕನ್ನಡಕ ಕಡ್ಡಾಯ, ಹೊಡೆಯುವವರಿಗೂ ನೋಡುವವರಿಗೂ. ಹಾರ್ಡ್‌ವೇರ್ ಅಂಗಡಿಯಲ್ಲಿ ವೆಲ್ಡಿಂಗ್, ಗ್ರೈಂಡಿಂಗ್ ಕೆಲಸದವರಿಗೆ ಮಾರುವ ಬಿಳಿ ಕನ್ನಡಕವೇ ಆದೀತು. ಪಟ್ಟಿ ಹರಿದರೆ ಹಿಂದಕ್ಕೆ ಬಡಿಯುವುದು ಕಣ್ಣಿನ ನೇರಕ್ಕೇ. ನೋಡುವವರು ಹೊಡೆಯುವವರ ಹಿಂದೆ ನಿಲ್ಲಬೇಕು, ಮಗ್ಗುಲಲ್ಲಿ ಅಲ್ಲ. ಮಕ್ಕಳ ಕೈಗೆ ಕೊಟ್ಟರೆ ದೊಡ್ಡವರು ಜೊತೆಗೇ ಇರಬೇಕು. ಏನಾದರೂ ಆಗಿ ಕಣ್ಣಿಗೆ ಪೆಟ್ಟು ಬಿದ್ದರೆ ಉಜ್ಜಬಾರದು, ಒತ್ತಬಾರದು, ಮನೆಮದ್ದು ಹಾಕಬಾರದು. ಕಣ್ಣಿಗೆ ತಾಗದಂತೆ ಒಂದು ಪೇಪರ್ ಲೋಟ ಕವುಚಿ ಪ್ಲಾಸ್ಟರ್ ಅಂಟಿಸಿಕೊಂಡು ತಕ್ಷಣ ಕಣ್ಣಾಸ್ಪತ್ರೆಗೆ ಹೋಗಬೇಕು. ಬೆಂಗಳೂರಿನಲ್ಲಿ ಸರ್ಕಾರಿ ಮಿಂಟೊ ಆಸ್ಪತ್ರೆ ಇದೆ.

ಇಷ್ಟೆಲ್ಲ ಆದ ಮೇಲೆ ನಿಲ್ಲುವ ಬಗೆ. ಬಲಗೈಯಲ್ಲಿ ಎಳೆಯುವವರು ಎಡ ಭುಜವನ್ನು ಗುರಿಯ ಕಡೆಗೆ ತಿರುಗಿಸಿ ಪಕ್ಕವಾಗಿ ನಿಲ್ಲಿ. ಎಡಗೈಯಲ್ಲಿ ಹಿಡಿದ ಬಿಲ್ಲನ್ನು ನೆಟ್ಟಗೆ ಹಿಡಿಯುವ ಬದಲು ಬಲಕ್ಕೆ ಮಲಗಿಸಿ, ಕವಲಿನ ಒಂದು ತುದಿ ಮೇಲೆ, ಇನ್ನೊಂದು ಅದರ ನೇರ ಕೆಳಗೆ ಬರಲಿ. ಹುಡುಗರಾಗಿದ್ದಾಗ ನಾವೆಲ್ಲ ನೆಟ್ಟಗೆ ಹಿಡಿದು, ಎರಡು ಕೊಂಬುಗಳ ನಡುವಿನ ತೆರವಿನಿಂದ ಅಂದಾಜಿಗೆ ನೋಡಿ ಹೊಡೆದವರೇ. ಮಲಗಿಸಿ ಹಿಡಿದಾಗ ಆ ಅಂದಾಜು ಹೋಗಿ ಸ್ಪಷ್ಟವಾದ ಗುರುತು ಸಿಗುತ್ತದೆ. ಮೇಲಿನ ಪಟ್ಟಿ ಕಣ್ಣಿನ ಕೆಳಗಿನಿಂದ ಗುರಿಯವರೆಗೆ ಒಂದೇ ಗೆರೆಯಾಗಿ ಕಾಣುತ್ತದೆ. ಎಡ ಬಲ ಹೇಳುವುದು ಆ ಗೆರೆ. ಮೇಲಿನ ಕೊಂಬಿನ ಮೂಲೆ ಗುರಿಯ ಎಲ್ಲಿಗೆ ಬರುತ್ತದೆ ಎನ್ನುವುದು ಎತ್ತರ ಹೇಳುತ್ತದೆ.

ಗುಂಡು ಕೂತ ತೊಗಲನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಎಳೆದು ಮುಖದ ಮೇಲೆ ಒಂದು ಜಾಗಕ್ಕೆ ತಾಗಿಸಿ: ತುಟಿಯ ಕೊನೆ, ಕೆನ್ನೆಮೂಳೆ, ಕಿವಿಯ ಹಾಲೆ, ಯಾವುದಾದರೂ ಸರಿ, ಆದರೆ ದಿನಾ ಅದೇ ಜಾಗ. ಇಡೀ ವಿದ್ಯೆ ಇರುವುದು ಈ ಒಂದು ಮಾತಿನಲ್ಲಿ. ಕೈ ಒಂದು ಸೆಂ.ಮೀ ಮೇಲೆ ಕೆಳಗೆ ಆದರೆ ಹತ್ತು ಮೀಟರ್ ದೂರದಲ್ಲಿ ಗುಂಡು ಅರ್ಧ ಗೇಣಿಗೂ ಹೆಚ್ಚು ಸರಿಯುತ್ತದೆ. ಬಿಡುವಾಗ ಬೆರಳು ಸಿಡಿಸಬೇಡಿ, ಹಿಡಿತ ಸಡಿಲವಾಗಿ ತೊಗಲು ತಾನೇ ಜಾರಿಹೋಗಲಿ. ಬಿಟ್ಟ ಮೇಲೂ ಗುಂಡು ತಾಗುವ ತನಕ ಎರಡು ಕೈಯೂ ಇದ್ದಲ್ಲೇ ಇರಲಿ. ತೊಗಲು ಬೆರಳಲ್ಲಿ ತಿರುಚಿಕೊಂಡಿದ್ದರೆ ಗುಂಡು ಕವಲಿಗೋ ಹಿಡಿದ ಕೈಗೋ ಬಡಿಯುತ್ತದೆ. ಎಳೆಯುವ ಮುಂಚೆ ಒಮ್ಮೆ ಕಣ್ಣು ಹಾಯಿಸಿ. ಗುಂಡಿಲ್ಲದೆ ಎಳೆದು ಬಿಡುವುದು ಪಟ್ಟಿಗೂ ಕೈಗೂ ಕೆಡುಕು.

ಗುಂಡು ಎಷ್ಟು ಇಳಿಯುತ್ತದೆ ಎನ್ನುವುದನ್ನು ತಿಳಿದಿದ್ದರೆ ಅರ್ಧ ಗೊಂದಲ ತೀರುತ್ತದೆ. ಸೆಕೆಂಡಿಗೆ 60 ಮೀಟರ್ ವೇಗದ ಗುಂಡು ನೇರ ಹೊರಟರೆ ಹತ್ತು ಮೀಟರ್ ಹೋಗುವಷ್ಟರಲ್ಲಿ ಸುಮಾರು 14 ಸೆಂ.ಮೀ ಕೆಳಗಿಳಿಯುತ್ತದೆ. 40 ಮೀಟರ್ ವೇಗದ್ದು 30 ಸೆಂ.ಮೀಗೂ ಹೆಚ್ಚು. ಪಟ್ಟಿ ಹಳತಾದಂತೆ ವೇಗ ತಗ್ಗುವುದರಿಂದ ನಿನ್ನೆಯವರೆಗೆ ಸರಿಯಾಗಿ ತಾಗುತ್ತಿದ್ದದ್ದು ಇವತ್ತು ಕೆಳಗೆ ತಾಗತೊಡಗುತ್ತದೆ. ಹತ್ತು ಗುಂಡು ಹೊಡೆದು, ಹಿಂದೆ ಅಂಟಿಸಿದ ಹಾಳೆಯ ಮೇಲೆ ಗುರುತುಗಳನ್ನು ನೋಡಿ. ಎಲ್ಲವೂ ಒಂದೆಡೆ ಗುಂಪಾಗಿ, ಗುರಿಯಿಂದ ಮಾತ್ರ ದೂರವಿದ್ದರೆ ನಿಮ್ಮ ಕೈ ಸರಿಯಾಗಿದೆ, ಗುರಿಯಿಡುವ ಬಿಂದು ಬದಲಿಸಿದರೆ ಸಾಕು. ಮೇಲೆ ಕೆಳಗೆ ಚದುರಿದ್ದರೆ ಕೆನ್ನೆಯ ಜಾಗವೋ ಎಳೆಯುವ ಉದ್ದವೋ ಬದಲಾಗುತ್ತಿದೆ, ಅಥವಾ ಗುಂಡುಗಳ ತೂಕ ಒಂದೇ ಇಲ್ಲ. ಎಡಕ್ಕೆ ಬಲಕ್ಕೆ ಚದುರಿದ್ದರೆ ಮಣಿಕಟ್ಟು ತಿರುಗುತ್ತಿದೆ, ಇಲ್ಲವೇ ತಲೆ ವಾಲುತ್ತಿದೆ. ಶುರುವಿನಲ್ಲಿ ನಾಲ್ಕು ಮೀಟರಿನಿಂದಲೇ ಹೊಡೆಯಿರಿ. ಅಲ್ಲಿ ಗುಂಪು ಕೂಡದವರಿಗೆ ಹತ್ತರಲ್ಲಿ ಕೂಡುವುದಿಲ್ಲ.

ಹಕ್ಕಿಯ ಮಾತು ಬಿಡುವಂತಿಲ್ಲ, ಏಕೆಂದರೆ ನಮ್ಮಲ್ಲಿ ಕ್ಯಾಟರ್‌ಬಿಲ್ಲಿಗೆ ಬಂದ ಕೆಟ್ಟ ಹೆಸರೆಲ್ಲ ಅಲ್ಲಿಂದ ಬಂದದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಗಾಯ ಮಾಡುವುದು, ಮೊಟ್ಟೆ ಗೂಡು ಕೆಡಿಸುವುದು, ಇದಕ್ಕೆಲ್ಲ ಪ್ರಯತ್ನಿಸುವುದೂ ಅದರಲ್ಲಿ ಸೇರಿದೆ. ಹೊಸಕೋಟೆಯ ದೊಡ್ಡ ಅಮಾನಿಕೆರೆಗೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳನ್ನು ನೋಡಲು ಜನ ಬೈನಾಕ್ಯುಲರ್ ಹಿಡಿದು ಬರುತ್ತಾರೆ. ಅಂಥ ಕೆರೆ ಏರಿಯ ಮೇಲಾಗಲಿ, ಮಾಕಳಿದುರ್ಗದ ಸುತ್ತಿನ ಕಾಡಿನಲ್ಲಾಗಲಿ ಈ ಬಿಲ್ಲು ಜೇಬಿನಲ್ಲೂ ಇರಬಾರದು. ಮನುಷ್ಯರ ಸುರಕ್ಷತೆಗೆ ಅಪಾಯವಾಗುವಂತೆ ದುಡುಕಿ ಹೊಡೆದರೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಮಿನಡಿ ಕೇಸು ಬೀಳುತ್ತದೆ. ದೇವನಹಳ್ಳಿ, ದೊಡ್ಡಬಳ್ಳಾಪುರದ ದ್ರಾಕ್ಷಿ ತೋಟದವರಿಗೆ ಗಿಳಿ, ಮೈನಾಗಳ ಕಾಟ ನಿಜ, ಅದಕ್ಕೆ ಬಲೆಯೇ ಸರಿಯಾದ ಮದ್ದು. ಬಲೆ ಹಾಕಲಾಗದ ಹೊಲದಲ್ಲಿ ಒಂದು ಉಪಾಯ ಮಾಡಬಹುದು: ಬದುವಿನ ಮೇಲೆ ಅಲ್ಲಲ್ಲಿ ಹಳೆ ತಗಡಿನ ತುಂಡು ತೂಗಿಹಾಕಿ, ಆಚೆ ಕಡೆ ಯಾರೂ ಇಲ್ಲವೆಂದು ನೋಡಿಕೊಂಡು ಮಣ್ಣಿನ ಗುಂಡಿನಿಂದ ಅದಕ್ಕೆ ಹೊಡೆಯುವುದು. ಗುಂಡು ತಗಡಿಗೆ ತಾಗಿ ಪುಡಿಯಾಗುತ್ತದೆ, ಢಣ್ಣೆಂಬ ಸದ್ದಿಗೆ ಹಿಂಡು ಏಳುತ್ತದೆ, ಕಾವಲಿಗೆ ನಿಂತವರಿಗೆ ದಿನವಿಡೀ ಗುರಿಯ ಅಭ್ಯಾಸವೂ ಆಗುತ್ತದೆ. ತಗಡು ಇಪ್ಪತ್ತು ಮೀಟರ್ ದೂರವಿದ್ದರೆ ಚೂರು ಇತ್ತ ಬರುವುದಿಲ್ಲ.

ಲ್ಯಾಟೆಕ್ಸಿಗೆ ದೊಡ್ಡ ಶತ್ರು ಬಿಸಿಲು. ಟೆರೇಸಿನ ಮೇಲೆ, ಬೈಕಿನ ಟ್ಯಾಂಕ್ ಕವರಿನಲ್ಲಿ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಿಟ್ಟ ಪಟ್ಟಿ ವಾರದೊಳಗೆ ಮೇಲ್ಮೈಯಲ್ಲಿ ಸಣ್ಣ ಸಣ್ಣ ಬಿರುಕು ತೋರಿಸುತ್ತದೆ. ಎಣ್ಣೆ, ಗ್ರೀಸ್ ತಾಗಿದರೂ ಮೆತ್ತಗಾಗಿ ಹೋಗುತ್ತದೆ. ತುಸು ಟಾಲ್ಕಂ ಪೌಡರ್ ಸವರಿ, ಕತ್ತಲೆಯ ಡಬ್ಬದಲ್ಲಿ ಸಡಿಲವಾಗಿ ಇಟ್ಟ ಹಾಳೆ ವರ್ಷಗಟ್ಟಲೆ ಬರುತ್ತದೆ. ಕಟ್ಟಿದ ಪಟ್ಟಿಯ ಆಯುಸ್ಸು ಕೆಲವು ನೂರು ಹೊಡೆತ. ಎಷ್ಟು ಬಿಗಿಯಾಗಿ ಎಳೆಯುತ್ತೀರೋ ಅಷ್ಟು ಬೇಗ ಮುಗಿಯುತ್ತದೆ. ಹರಿಯುವುದು ಹೆಚ್ಚಾಗಿ ತೊಗಲಿಗೆ ಕಟ್ಟಿದ ಗಂಟಿನ ಪಕ್ಕದಲ್ಲಿ. ಪ್ರತಿಸಲ ಹೊಡೆಯಲು ನಿಲ್ಲುವ ಮುಂಚೆ ಆ ಜಾಗವನ್ನು ಸ್ವಲ್ಪ ಎಳೆದು, ಬೆಳಕಿಗೆ ಹಿಡಿದು, ಅಂಚಿನಲ್ಲಿ ಗೀರಿದೆಯೇ ನೋಡಿ. ಒಂದು ಪಟ್ಟಿಯಲ್ಲಿ ಗೀರು ಕಂಡರೆ ಎರಡನ್ನೂ ಒಟ್ಟಿಗೆ ಬದಲಿಸಬೇಕು, ಹಳತು ಹೊಸತು ಜೋಡಿಯಾದರೆ ಎಳೆತ ಸಮನಾಗಿರುವುದಿಲ್ಲ. ಹೊಸ ಪಟ್ಟಿ ಕಟ್ಟಿದ ದಿನ ಮೊದಲ ಐದಾರು ಗುಂಡನ್ನು ಅರ್ಧ ಎಳೆತದಲ್ಲಿ ಪೆಟ್ಟಿಗೆಯ ಬಟ್ಟೆಗೆ ಹೊಡೆದು ಗಂಟು ಕೂರಿಸಿಕೊಳ್ಳಿ. ಗುಂಪು ಎಲ್ಲಿ ಬೀಳುತ್ತದೆಂದು ಹೊಸದಾಗಿ ನೋಡಿಕೊಂಡು ಆಮೇಲೆ ಕ್ಯಾನಿನ ಕಡೆ ತಿರುಗಿ.